ಹತ್ತಿ ಹೂವಿನ ಕಾಲದ ಒಂದು ರನ್

ಹೋದ ವರ್ಷ ಶ್ರಾವಣದಲ್ಲಿ ತಮ್ಮನ ಮಗಳ ಹೆಸರಿಡುವ ಕಾರ್ಯಕ್ಕೆಂದು ಹಾವೇರಿಗೆ ಹೋಗಿದ್ದೆ. ಊಟ ಮುಗಿದ ಮೇಲೆ ಹೊಟ್ಟೆ ಭಾರವಾಗಿ, ಸ್ವಲ್ಪ ಅಡ್ಡಾಡಿ ಬರೋಣವೆಂದು ಹೊರಟವಳು ಕ್ರೀಡಾಂಗಣದ ಗೇಟಿನ ಮುಂದೆ ನಿಂತುಬಿಟ್ಟೆ. ಬೆಳಿಗ್ಗೆ ಮಳೆ ಬಿದ್ದು ನಿಂತಿತ್ತು. ಒಳಗೆ ಯಾರೋ ಯಾವುದೋ ಪಂದ್ಯಕ್ಕಾಗಿ ಗೆರೆ ಹಾಕುತ್ತಿದ್ದರು. ಹಸಿ ಮಣ್ಣಿನ ಮೇಲೆ ಸುಣ್ಣದ ಪುಡಿ ಬಿದ್ದಾಗ ಒಂದು ವಾಸನೆ ಏಳುತ್ತದೆ. ಹೊಸದಾಗಿ ಬಳಿದ ಗೋಡೆಯದೂ ಅಲ್ಲ, ಮಳೆಯದೂ ಅಲ್ಲ, ಎರಡರ ನಡುವಿನದು. ಅದು ಮೂಗಿಗೆ ತಾಗಿದ್ದೇ ತಡ, ನನ್ನ ಮೊಣಕಾಲುಗಳು ತಾವಾಗಿಯೇ ಬಾಗಿದಂತಾಯಿತು. ಅದೇ ನೆಲದ ಮೇಲೆ ಒಂದು ಮಧ್ಯಾಹ್ನವಿಡೀ ನಾನು ಕುಕ್ಕರಗಾಲಿನಲ್ಲಿ ಕುಳಿತು ರೇಣುಕಾಳ ಚೆಂಡುಗಳನ್ನು ಹಿಡಿದಿದ್ದೆ.

ಎರಡು ಸಾವಿರದ ಐದನೇ ಇಸವಿ ಇರಬೇಕು. ಮಳೆ ಚೆನ್ನಾಗಿ ಹಿಡಿದ ವರ್ಷ. ನಾನು ರಾಣೆಬೆನ್ನೂರಿನಲ್ಲಿ ಪಿಯುಸಿ ಎರಡನೇ ವರ್ಷ ಓದುತ್ತಿದ್ದೆ. ಆ ಜೂನ್‌ನಲ್ಲಿ ನಮ್ಮ ಕಾಲೇಜಿಗೆ ಸುಮಿತ್ರಾ ಮೇಡಂ ಬಂದರು. ಆಟದ ಮೇಷ್ಟ್ರು ನಿವೃತ್ತರಾಗಿದ್ದರಿಂದ ಒಂದು ವರ್ಷದ ಮಟ್ಟಿಗೆಂದು ನೇಮಕವಾದವರು. ನಮಗಿಂತ ಏಳೆಂಟು ವರ್ಷ ದೊಡ್ಡವರಿರಬಹುದು. ಚೂಡಿದಾರದ ಕೆಳಗೆ ಕ್ಯಾನ್ವಾಸ್ ಬೂಟು, ಕೊರಳಲ್ಲಿ ಸೀಟಿ. ಕ್ರೀಡಾ ಕೊಠಡಿಯ ಬೀಗ ತೆಗೆಸಿ ಒಳಗೆ ಹೋದವರು ಧೂಳು ತುಂಬಿದ ಒಂದು ಗೋಣಿಚೀಲವನ್ನು ಎಳೆದು ತಂದು ಮೈದಾನದಲ್ಲಿ ಸುರುವಿದರು. ದೊಡ್ಡ ದೊಡ್ಡ ಚರ್ಮದ ಕೈಗವಸುಗಳು, ಒನಕೆಯಂಥ ಎರಡು ಬ್ಯಾಟು, ಒಂದು ಕಬ್ಬಿಣದ ಮುಖವಾಡ.

“ಇದು ಸಾಫ್ಟ್‌ಬಾಲ್. ಬೇಸ್‌ಬಾಲ್ ಅಂತ ಕೇಳೀರಿಲ್ಲ, ಅದರ ತಂಗಿ,” ಎಂದರು ಮೇಡಂ. “ಯಾರು ಆಡ್ತೀರಿ?”

ಯಾರೂ ಮುಂದೆ ಬರಲಿಲ್ಲ. ಆಮೇಲೆ ಅವರು ಸುಣ್ಣದಲ್ಲಿ ನಾಲ್ಕು ಮೂಲೆಯ ಚೌಕ ಹಾಕಿ ತೋರಿಸಿದರು. ಒಬ್ಬಳು ಕೆಳಗಿನಿಂದ ಕೈ ತಿರುಗಿಸಿ ಚೆಂಡು ಎಸೆಯಬೇಕು. ಇನ್ನೊಬ್ಬಳು ಅದನ್ನು ಹೊಡೆದು ಓಡಬೇಕು. ಮೂರು ಮೂಲೆ ಮುಟ್ಟಿ, ನಾಲ್ಕನೆಯದಾಗಿ ಹೊರಟ ಜಾಗಕ್ಕೇ ಮರಳಿ ಬಂದರೆ ಒಂದು ರನ್. ಆ ಹೊರಟ ಜಾಗಕ್ಕೆ ಇಂಗ್ಲಿಷಿನಲ್ಲಿ ಮನೆ ಎಂದೇ ಹೆಸರಂತೆ. ನಾವೂ ಅದನ್ನು ‘ಮನಿ’ ಎಂದೇ ಕರೆದೆವು. ಮನೆಯ ಹಿಂದೆ ಮುಖವಾಡ ಹಾಕಿಕೊಂಡು ಕೂರುವವಳು ಕ್ಯಾಚರ್. ಆ ಕೆಲಸ ಯಾರಿಗೂ ಬೇಡವಾಗಿತ್ತು. ನನ್ನ ಮೂಗು ಮೊದಲೇ ಸ್ವಲ್ಪ ಚಪ್ಪಟೆ, ಇನ್ನೇನು ಕೆಡುವುದಿದೆ ಎಂದು ಗೆಳತಿಯರು ನನ್ನನ್ನೇ ಮುಂದೆ ತಳ್ಳಿದರು. ಹುಡುಗರ ಕ್ರಿಕೆಟ್ ಪ್ಯಾಡು ಕಟ್ಟಿಕೊಂಡು ಕುಳಿತೆ. ಹಾಗೆ ಕುಳಿತವಳಿಗೆ ಆ ವರ್ಷವೆಲ್ಲ ಅದೇ ಜಾಗ ಖಾಯಂ ಆಯಿತು.

ರೇಣುಕಾ ಐರಣಿಯವಳು. ಹೊಳೆದಂಡೆಯ ಆ ಊರಿನಿಂದ ಮೊದಲ ಬಸ್ಸಿಗೆ ಬರುತ್ತಿದ್ದಳು. ಎತ್ತರದ, ಕಪ್ಪು ಬಣ್ಣದ, ಮಾತು ಕಡಿಮೆಯ ಹುಡುಗಿ. ತರಗತಿಯಲ್ಲಿ ಕೊನೆಯ ಬೆಂಚು. ಅವಳನ್ನು ಯಾರೂ ಆಟಕ್ಕೆ ಕರೆದಿರಲಿಲ್ಲ. ಒಂದು ಸಂಜೆ ಬಸ್ಸಿಗೆ ಕಾಯುತ್ತ ಗೋಡೆಯ ಪಕ್ಕ ನಿಂತಿದ್ದಾಗ ಚೆಂಡು ಅವಳ ಕಾಲ ಬಳಿಗೆ ಉರುಳಿಹೋಯಿತು. ಎತ್ತಿ, ನಾವು ಎಸೆಯುವಂತೆಯೇ ತೋಳನ್ನು ಒಂದು ಸುತ್ತು ತಿರುಗಿಸಿ ಬಿಟ್ಟಳು. ಚೆಂಡು ನನ್ನ ಗ್ಲೌಸಿಗೆ ಬಡಿದ ಸದ್ದಿಗೆ ಮೇಡಂ ತಿರುಗಿ ನೋಡಿದರು. ನನ್ನ ಅಂಗೈ ಉರಿದುಹೋಯಿತು.

“ಎಲ್ಲಿ ಕಲತೀಯವ್ವಾ?”

“ಎಲ್ಲೀ ಇಲ್ರಿ. ನೀವು ಇವರಿಗೆ ಹೇಳೂದನ್ನ ದಿನಾ ಇಲ್ಲಿ ನಿಂತ ನೋಡ್ತೇನ್ರಿ. ಮನ್ಯಾಗ ದನದ ಕೊಟ್ಟಿಗಿ ಗ್ವಾಡಿಗೆ ಒಗದ ಒಗದ ನೋಡೇನಿ.”

“ಏನ ಒಗೀತಿ, ಚೆಂಡ ಎಲ್ಲಿ ಐತಿ ನಿನ್ನ ಹತ್ರ?”

“ಹರಕ ಸೀರಿ ಸುತ್ತಿ ಮಾಡೇನ್ರಿ.”

ಮುಂದೆ ಅವಳು ಹೆಸರು ಮಾಡಿದಾಗ, ಜೋಳದ ಹೊಲದಲ್ಲಿ ಕವಣೆ ಬೀಸಿ ಹಕ್ಕಿ ಓಡಿಸಿ ಆ ಕೈ ಬಂತೆಂದು ಜನ ಕಥೆ ಕಟ್ಟಿದರು. ಅವಳು ನಗುತ್ತಿದ್ದಳು. “ಕವಣಿ ಬೀಸಿದ್ದು ನಮ್ಮಣ್ಣ, ನಾ ಬರೇ ಕಲ್ಲು ಆರಿಸಿ ಕೊಡ್ತಿದ್ದೆ,” ಎನ್ನುತ್ತಿದ್ದಳು.

ಅವಳ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದವಾಗಿತ್ತು. ಚೆಂಡು ಬಿಡುವಾಗ ಅದು ಹೊಲಿಗೆಗೆ ಸಿಕ್ಕಿ ದಿಕ್ಕು ತಪ್ಪುತ್ತಿತ್ತು. ಮೇಡಂ ಅದನ್ನು ಕತ್ತರಿಸಿಕೊಂಡು ಬಾ ಎಂದರು. ಮೂರು ಸಲ ಹೇಳಿದರೂ ಅವಳು ಹೂಂ ಎನ್ನುವಳೇ ಹೊರತು ಕತ್ತರಿಸಲಿಲ್ಲ. ಕಡೆಗೆ ನಾನೇ ಕೇಳಿದೆ.

“ಅದನ್ನ ತಗದ್ರ ನಮ್ಮವ್ವ ಮನಿಗೆ ಸೇರಿಸಂಗಿಲ್ಲ,” ಎಂದಳು. “ಶ್ರಾವಣ ಬಂತು. ಕ್ರಾಸಿಂಗ್ ಚಾಲೂ ಆಗ್ತೈತಿ.”

ನಮ್ಮ ಸೀಮೆಯಲ್ಲಿ ಆ ಮಾತನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹೊರಗಿನವರಿಗಾಗಿ ಹೇಳುತ್ತೇನೆ. ರಾಣೆಬೆನ್ನೂರಿನ ಸುತ್ತ ಹತ್ತಿಯ ಬೀಜ ಬೆಳೆಸುವವರು ಬಹಳ. ಸಂಜೆ ಹೊತ್ತಿಗೆ, ಮರುದಿನ ಅರಳಲಿರುವ ಹೆಣ್ಣು ಗಿಡದ ಮೊಗ್ಗನ್ನು ಹೆಬ್ಬೆರಳಿನ ಉಗುರಿನಿಂದ ಮೆಲ್ಲಗೆ ಸುಲಿದು, ಒಳಗಿನ ಪರಾಗದ ಭಾಗ ತೆಗೆದು, ನಡುವಿನ ಎಳೆಯೊಂದನ್ನೇ ಉಳಿಸಿ, ಗುರುತಿಗೆ ಕೆಂಪು ಕಾಗದದ ಚೂರು ಸುತ್ತಬೇಕು. ಬೆಳಿಗ್ಗೆ ಬಿಸಿಲೇರಿದ ಮೇಲೆ ಗಂಡು ಗಿಡದ ಹೂ ತಂದು ಆ ಎಳೆಗೆ ಸವರಬೇಕು. ಸಂಜೆ ಸುಲಿದ ಮೊಗ್ಗಿಗೆ ಬೆಳಿಗ್ಗೆ ಪರಾಗ ಮುಟ್ಟದಿದ್ದರೆ ಅದು ಉದುರಿಹೋಗುತ್ತದೆ. ಹೂ ಬಿಡುವಷ್ಟು ವಾರವೂ ಒಂದು ದಿನವೂ ಬಿಡುವಿಲ್ಲದ ಕೆಲಸ.

ರೇಣುಕಾಳ ಅಪ್ಪ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಪಾಳಿಯ ಕೆಲಸದವರು. ಹೊಲವೆಲ್ಲ ಅವ್ವ ಗಂಗವ್ವನ ಉಸ್ತುವಾರಿ. ಅಣ್ಣ ದೂರದ ಊರಲ್ಲಿ ಐಟಿಐ ಓದುತ್ತಿದ್ದ. ಹೀಗಾಗಿ ಗಂಗವ್ವನಿಗೆ ಕೈಗೆ ಸಿಗುವವಳು ಮಗಳೊಬ್ಬಳೇ. ರೇಣುಕಾ ಮೊಗ್ಗು ಸುಲಿಯುವುದನ್ನು ಎಡಗೈಗೆ ಬದಲಾಯಿಸಿಕೊಳ್ಳುತ್ತೇನೆಂದು ಹೊರಟಳು. ಎಡ ಹೆಬ್ಬೆರಳಿನ ಉಗುರು ಬೆಳೆಸಿದಳು. ಮೊದಲ ವಾರ ಎಳೆ ಮುರಿದು ಎಷ್ಟೋ ಮೊಗ್ಗು ಹಾಳಾದವು, ಅವ್ವನ ಬೈಗುಳ ತಿಂದಳು. ಎರಡನೇ ವಾರದ ಹೊತ್ತಿಗೆ ಕೈ ಕುದುರಿತು. ಬಲ ಉಗುರು ಕತ್ತರಿಸಿಕೊಂಡು ಮೈದಾನಕ್ಕೆ ಬಂದ ದಿನ ಅವಳ ಚೆಂಡು ಗೆರೆ ಎಳೆದಂತೆ ಬಂತು.

ಆಗಸ್ಟಿನಲ್ಲಿ ನಾವು ತಾಲೂಕು ಮಟ್ಟದಲ್ಲಿ ಗೆದ್ದೆವು. ಜಿಲ್ಲೆಯ ಅಂತಿಮ ಪಂದ್ಯ ಬ್ಯಾಡಗಿಯವರ ಮೇಲೆ, ಹಾವೇರಿಯಲ್ಲಿ, ಮಧ್ಯಾಹ್ನ. ಬ್ಯಾಡಗಿಯ ಹುಡುಗಿಯರು ಹಿಂದಿನ ವರ್ಷಗಳಲ್ಲೂ ಜಿಲ್ಲೆ ಗೆದ್ದವರು. ಅವರ ಪಿಚರ್, ಅಂದರೆ ಚೆಂಡು ಎಸೆಯುವ ಶಬಾನಾಳ ಹೆಸರು ನಮ್ಮೂರಿನಲ್ಲೂ ಕೇಳಿಬರುತ್ತಿತ್ತು. ಪಂದ್ಯಕ್ಕೆ ಎರಡು ದಿನ ಮೊದಲು ರೇಣುಕಾ ಕಾಲೇಜಿಗೆ ಬರಲಿಲ್ಲ. ಮೇಡಂ ನನ್ನನ್ನು ಕರೆದುಕೊಂಡು ಐರಣಿಯ ಬಸ್ಸು ಹತ್ತಿದರು.

ಗಂಗವ್ವ ಹೊಲದಲ್ಲಿ ಸಿಕ್ಕರು. ಸೊಂಟಕ್ಕೆ ಕಟ್ಟಿದ ಚೀಲದ ತುಂಬ ಕೆಂಪು ಕಾಗದದ ಚೂರು. ನಾವು ಬಂದದ್ದು ಕಂಡರೂ ಸಾಲು ಮುಗಿಯುವವರೆಗೆ ಕೈ ನಿಲ್ಲಿಸಲಿಲ್ಲ.

“ಬರ್ರಿ ಮೇಡಂ, ಬದುವಿನ ಮ್ಯಾಲ ಕುಂದ್ರಿ. ಮಗಳ ಸಲುವಾಗಿ ಬಂದೀರಿ, ಗೊತ್ತೈತಿ. ಆದ್ರ ನೀವ ನೋಡ್ರಿ, ಹೂ ಹೆಂಗ ಬಿಟ್ಟಾವು. ಒಂದ ಮುಂಜಾನಿ ಬಿಟ್ರೂ ಸುಲದದ್ದೆಲ್ಲಾ ನೆಲಕ್ಕ.”

“ಒಂದ ದಿನದ್ದು ಮಾತ್ರ ಗಂಗವ್ವಾರ.”

“ಇವತ್ತ ಒಂದ ದಿನ ಅಂತೀರಿ. ಗೆದ್ರ ಇನ್ನೊಂದ ಊರು, ಇನ್ನೊಂದ ದಿನ.” ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು. ಸಿಟ್ಟಿನ ದನಿಯಲ್ಲ, ದಣಿದ ದನಿ. “ಬರೂ ವರ್ಷ ಇನ್ನೊಂದ ಎಕರೆ ಬೀಜದ ಪ್ಲಾಟ್ ಹಿಡೀಬೇಕು ಅಂತ ಮಾಡೇವಿ. ಆವಾಗ ಈಕಿ ಕಾಲೇಜೂ ಸಾಕು. ಪಿಯುಸಿ ತನಕ ಓದಿಸೇವಲ್ರಿ.”

ರೇಣುಕಾ ಎರಡು ಸಾಲಿನಾಚೆ ಬೆನ್ನು ತಿರುಗಿಸಿ ನಿಂತು ಕೆಲಸ ಮಾಡುತ್ತಲೇ ಇದ್ದಳು. ಎಲ್ಲ ಕೇಳಿಸಿರಬೇಕು. ತಿರುಗಿ ನೋಡಲಿಲ್ಲ. ಆ ಬೆನ್ನು ನೋಡಿ ನನಗೆ ಏನಾಯಿತೋ, ಮೇಡಂ ಇನ್ನೂ ಮಾತಾಡುತ್ತಿರುವಾಗಲೇ ನಡುವೆ ಬಾಯಿ ಹಾಕಿದೆ.

“ನಾವೆಲ್ಲಾರೂ ಬಂದ್ರ? ನಾಳೆ ಸಂಜೀಕ ಬಂದು ಮೊಗ್ಗಿ ಸುಲೀತೇವಿ. ನಾಡದ ಮುಂಜಾನೆ ಹೂ ಮುಟ್ಟಿಸಿ, ಇಲ್ಲಿಂದನ ಹಾವೇರಿಗೆ ಹೋಗ್ತೇವಿ.”

“ನಿಮಗ ಬರ್ತೈತೇನ?”

“ಅರ್ಧಾ ಮಂದೀಗೆ ಬರ್ತೈತ್ರಿ. ಉಳದವರಿಗೆ ನೀವು ಕಲಸ್ರಿ.”

ಗಂಗವ್ವ ಮೇಡಂ ಕಡೆ ನೋಡಿದರು. ಮೇಡಂ ತಮ್ಮ ಹೆಬ್ಬೆರಳು ಎತ್ತಿ ತೋರಿಸಿ, “ನನ್ನ ಉಗರ ಭಾಳ ಸಣ್ಣದೈತಿ, ನಾ ಕಾಗದ ಸುತ್ತತೇನಿ,” ಎಂದರು. ಗಂಗವ್ವನಿಗೆ ನಗು ಬಂತು. ಚೀಲದಿಂದ ಒಂದು ಹಿಡಿ ಕೆಂಪು ಚೂರು ತೆಗೆದು ಅವರ ಕೈಗಿಟ್ಟರು.

ಮರುದಿನ ಮಧ್ಯಾಹ್ನವೇ ನಮ್ಮ ತಂಡ ಐರಣಿಯಲ್ಲಿ ಇಳಿಯಿತು. ಪೇಟೆಯ ಅಂಗಡಿಕಾರರ ಮಕ್ಕಳು ಗಿಡಕ್ಕೆ ಹೆದರಿ ಹೆದರಿ ಕೈ ಹಾಕಿದರು. ನಮ್ಮಲ್ಲೆಲ್ಲ ಚಿಕ್ಕವಳಾದ ಮಂಜುಳಾ ಕಿರಾಣಿ ಅಂಗಡಿಯವರ ಮಗಳು. ಹೆಣ್ಣು ಗಿಡ ಯಾವುದು, ಗಂಡು ಗಿಡ ಯಾವುದು ಎಂದು ನಿಂತು ನಿಂತು ಕೇಳುತ್ತಿದ್ದಳು. ಕತ್ತಲಾಗುವ ಹೊತ್ತಿಗೆ ಹೊಲದ ತುಂಬ ಕೆಂಪು ಚೂರುಗಳು. ಗಂಗವ್ವ ಎಲ್ಲರಿಗೂ ರೊಟ್ಟಿ, ಪುಂಡಿಪಲ್ಯೆ ಬಡಿಸಿದರು. ರಾತ್ರಿ ಅವರ ಪಡಸಾಲೆಯಲ್ಲೇ ಸಾಲಾಗಿ ಮಲಗಿದೆವು.

ಬೆಳಿಗ್ಗೆ ಎದ್ದರೆ ಜಿಟಿಜಿಟಿ ಮಳೆ.

ಮಳೆಯಲ್ಲಿ ಹೂ ಮುಟ್ಟಿಸಲಾಗದು. ನೆನೆದ ಪರಾಗ ಕೆಲಸಕ್ಕೆ ಬರುವುದಿಲ್ಲ. ನಾವು ಸೂರಿನ ಕೆಳಗೆ ಆಕಾಶ ನೋಡುತ್ತ ಕುಳಿತೆವು. ಮಳೆ ನಿಂತಿತು, ಮೋಡ ಹೋಗಲಿಲ್ಲ. ಮೇಡಂ ಗೊತ್ತು ಮಾಡಿದ್ದ ಟೆಂಪೋ ಬಂದು ರಸ್ತೆಯ ಮೇಲೆ ನಿಂತಿತು. ಚಾಲಕ ಒಮ್ಮೆ ಹಾರ್ನು ಹೊಡೆದ, ಸ್ವಲ್ಪ ತಡೆದು ಇನ್ನೊಮ್ಮೆ ಹೊಡೆದ. ಹೆದ್ದಾರಿಯನ್ನು ಅಗಲ ಮಾಡುವ ಕೆಲಸ ನಡೆದಿದ್ದ ಕಾಲ. ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕಾದೀತೋ ಹೇಳುವಂತಿರಲಿಲ್ಲ. ಕಡೆಗೂ ಎಳೆಬಿಸಿಲು ಬಿದ್ದಾಗ ಗಂಡು ಹೂಗಳು ಬಾಯಿ ಬಿಡತೊಡಗಿದವು. ಎಲ್ಲರೂ ಸಾಲಿಗಿಳಿದೆವು. ಅರ್ಧ ಹೊಲ ಆಗುವಷ್ಟರಲ್ಲಿ ಮೇಡಂ ಗಡಿಯಾರ ನೋಡಿದರು. ರೇಣುಕಾಳ ಕೈ ಹೂವಿನಿಂದ ಹೂವಿಗೆ ಓಡುತ್ತಿತ್ತು.

ಗಂಗವ್ವ ಸೊಂಟಕ್ಕೆ ಕೈಯಿಟ್ಟು ನಿಂತು ಉಳಿದ ಸಾಲುಗಳನ್ನು ಒಮ್ಮೆ ನೋಡಿದರು, ರಸ್ತೆಯ ಮೇಲಿನ ಟೆಂಪೋವನ್ನು ಒಮ್ಮೆ ನೋಡಿದರು. ಆಮೇಲೆ ಬದುವಿನ ಆಚೆಯ ಹೊಲದ ಕಡೆ ಗಟ್ಟಿಯಾಗಿ ಕೂಗಿದರು.

“ಏ ನೀಲವ್ವಾ! ನಿಂದ ಮುಗದಿದ್ರ ಇಲ್ಲಿ ಬಾ. ನಿಮ್ಮ ಸೊಸೀನೂ ಕರಕೊಂಡ ಬಾ.” ಮಗಳ ಕಡೆ ತಿರುಗಿ, “ನೀ ನಡಿ,” ಎಂದರು.

“ಅವ್ವಾ, ಇನ್ನ ಇಷ್ಟ ಸಾಲು...”

“ಆದಷ್ಟ ಆಗ್ತಾವು. ಇವರೆಲ್ಲಾ ನಿನ್ನ ಸಲುವಾಗಿ ಕೆಸರಾಗ ನಿಂತಾರ. ನೀ ಹೋಗಲಿಲ್ಲಂದ್ರ ಇವರ ಮಾರಿ ನಾ ಹೆಂಗ ನೋಡ್ಲಿ? ಲಗೂ ನಡಿ.”

ಕಾಲು ತೊಳೆದುಕೊಳ್ಳಲೂ ಹೊತ್ತಿರಲಿಲ್ಲ. ಟೆಂಪೋದಲ್ಲೇ ಬಟ್ಟೆ ಬದಲಿಸಿ, ಗಂಗವ್ವ ಕಟ್ಟಿಕೊಟ್ಟ ಬುತ್ತಿ ತಿಂದೆವು. ಮೋಟೆಬೆನ್ನೂರಿನ ಹತ್ತಿರ ರಸ್ತೆ ಕೆಲಸಕ್ಕಾಗಿ ಗಾಡಿಗಳು ಸಾಲುಗಟ್ಟಿದ್ದವು. ಹಾವೇರಿಯ ಮೈದಾನಕ್ಕೆ ನಾವು ಓಡಿಕೊಂಡೇ ಒಳಗೆ ಹೋದೆವು. ಬ್ಯಾಡಗಿಯವರು ಆಗಲೇ ಕೆಂಪು ಟಿ-ಶರ್ಟು ಹಾಕಿ ಸಾಲಾಗಿ ನಿಂತಿದ್ದರು. ನಮ್ಮ ಕೆಸರು ಬೂಟು ನೋಡಿ ಒಬ್ಬಳು ಮುಸಿ ನಕ್ಕಳು. ಶಬಾನಾ ಅವಳನ್ನು ಮೊಣಕೈಯಿಂದ ತಿವಿದು ಸುಮ್ಮನಾಗಿಸಿದಳು.

ಹಸಿ ನೆಲಕ್ಕೆ ಹೊಸ ಸುಣ್ಣ ಹಾಕಿದ್ದರು. ಮನೆಯ ಮುಂದಿನ ತಗ್ಗಿನಲ್ಲಿ ಇನ್ನೂ ನೀರಿನ ಪಸೆಯಿತ್ತು. ಈ ಆಟಕ್ಕೆ ಏಳು ಸರದಿ. ಪ್ರತಿ ಸರದಿಯಲ್ಲೂ ಮೂರು ಜನ ಔಟಾಗುವ ತನಕ ಒಂದು ತಂಡ, ಆಮೇಲೆ ಇನ್ನೊಂದು. ಮೊದಲು ಬ್ಯಾಟು ಹಿಡಿದವರು ನಾವು. ಶಬಾನಾಳ ಚೆಂಡು ಬರುವುದು ಕಾಣುತ್ತಲೇ ಇರಲಿಲ್ಲ. ಮೂರು ಮಂದಿ ಹೋದೆವು, ಮೂರು ಮಂದಿ ಬಂದೆವು. ಆಮೇಲೆ ರೇಣುಕಾ ಎಸೆದಳು. ಅವರೂ ಹಾಗೆಯೇ ಹೋದರು, ಹಾಗೆಯೇ ಬಂದರು. ಎರಡನೇ ಸರದಿ, ಮೂರನೆಯದು, ನಾಲ್ಕನೆಯದು. ಬೋರ್ಡಿನ ಮೇಲೆ ಸೊನ್ನೆಯ ಪಕ್ಕ ಸೊನ್ನೆ ಬರೆಯುತ್ತಿದ್ದ ಮೇಷ್ಟ್ರಿಗೇ ಬೇಸರ ಬಂದಿರಬೇಕು. ನೋಡಲು ಬಂದ ಕೆಲವರು ಎದ್ದು ಕಬಡ್ಡಿ ಅಂಕಣದ ಕಡೆ ಹೋದರು. ಆದರೆ ಮನೆಯ ಹಿಂದೆ ಕುಳಿತ ನನಗೆ ಒಂದೊಂದು ಚೆಂಡೂ ಒಂದೊಂದು ಯುದ್ಧ. ಅದರಂಥ ಆಟವನ್ನು ನಾನು ಮತ್ತೆ ಆಡಲಿಲ್ಲ.

ಐದನೇ ಸರದಿಯಲ್ಲಿ ಅವರ ಹುಡುಗಿಯೊಬ್ಬಳು ಮೂರನೇ ಮೂಲೆಯವರೆಗೆ ಬಂದುಬಿಟ್ಟಳು. ಮುಂದಿನವಳು ಚೆಂಡನ್ನು ಎತ್ತಿ ಹೊಡೆದಳು. ನಮ್ಮವರು ಅದನ್ನು ಹಿಡಿದು ಅವಳನ್ನು ಔಟ್ ಮಾಡಿದರು. ಆದರೆ ಹಿಡಿದ ಕೂಡಲೇ ಮೂರನೇ ಮೂಲೆಯವಳು ಮನೆಯತ್ತ ಓಡತೊಡಗಿದಳು. ಚೆಂಡು ಒಂದೇ ಪುಟಕ್ಕೆ ನನ್ನ ಕೈಗೆ ಬಂತು. ಅವಳು ಮನೆ ಮುಟ್ಟುವ ಮೊದಲೇ ಚೆಂಡಿರುವ ಗ್ಲೌಸನ್ನು ಅವಳಿಗೆ ತಾಗಿಸಬೇಕು. ಅವಳು ನೇರವಾಗಿ ನನ್ನ ಮೇಲೆಯೇ ಬಂದಳು. ಇಬ್ಬರೂ ಕೆಸರಿನಲ್ಲಿ ಬಿದ್ದೆವು. ನನಗೆ ಏನೂ ಕಾಣಲಿಲ್ಲ. ಗ್ಲೌಸಿನೊಳಗೆ ಚೆಂಡು ಇದೆಯೆಂದು ಬೆರಳಿಗೆ ಮಾತ್ರ ಗೊತ್ತಿತ್ತು. ಅಂಪೈರು ಬಗ್ಗಿ ನೋಡಿ ಮುಷ್ಟಿ ಎತ್ತಿದರು. ಔಟ್!

ರೇಣುಕಾ ಓಡಿಬಂದು ನನ್ನನ್ನು ಎಬ್ಬಿಸಿ, ಮುಖವಾಡದ ಕೆಸರನ್ನು ತನ್ನ ತೋಳಿನಿಂದ ಒರೆಸಿದಳು. “ಮೂಗು ಐತೇನ?” ಎಂದಳು. ಅಂದು ಬೆಳಿಗ್ಗೆಯಿಂದ ಅವಳು ನಕ್ಕದ್ದು ಅದೇ ಮೊದಲು.

ಕೊನೆಯ ಸರದಿ ಬಂದರೂ ಎರಡೂ ಕಡೆ ಸೊನ್ನೆ. ಮಂಜುಳಾ ಬ್ಯಾಟು ಹಿಡಿದು ನಿಂತಳು. ಗಿಡ್ಡ ಹುಡುಗಿ. ಶಬಾನಾಗೆ ಚೆಂಡನ್ನು ಅಷ್ಟು ಕೆಳಗೆ ಇಳಿಸುವುದು ಕಷ್ಟವಾಯಿತು. ನಾಲ್ಕು ಚೆಂಡು ಗುರಿ ತಪ್ಪಿದವು, ಮಂಜುಳಾಗೆ ಮೊದಲ ಮೂಲೆ ಪುಕ್ಕಟೆ ಸಿಕ್ಕಿತು. ಮುಂದಿನ ಇಬ್ಬರೂ ಔಟಾದರು, ಆದರೆ ಅವರು ಹೊಡೆದ ಸಣ್ಣ ಹೊಡೆತಗಳ ಸಂದಿನಲ್ಲಿ ಮಂಜುಳಾ ಎರಡನೆಯ, ಮೂರನೆಯ ಮೂಲೆಗೆ ಜಾರಿಕೊಂಡಳು. ಆಮೇಲೆ ನನ್ನ ಪಾಳಿ.

ದೊಡ್ಡ ಹೊಡೆತ ಹೊಡೆದೆ ಎಂದು ಬರೆಯಲು ಆಸೆಯಿದೆ. ಬೀಸಿದ್ದೂ ಜೋರಾಗಿಯೇ. ಚೆಂಡು ಮಾತ್ರ ಬ್ಯಾಟಿನ ಹಿಡಿಕೆಯ ಬಳಿ ತಾಗಿ, ಪುಸಕ್ಕನೆ ಮುಂದೆ ಬಿದ್ದು, ಆ ನೀರಿನ ತಗ್ಗಿನಲ್ಲಿ ಹೂತುಕೊಂಡಿತು. ಶಬಾನಾ ಎತ್ತುತ್ತಾಳೆಂದು ಅವರ ಕ್ಯಾಚರ್ ಅವಳನ್ನು ನೋಡಿದಳು, ಕ್ಯಾಚರ್ ಎತ್ತುತ್ತಾಳೆಂದು ಶಬಾನಾ ಇವಳನ್ನು ನೋಡಿದಳು.

“ಓಡ ಶಶೀ!” ಎಂದು ರೇಣುಕಾ ಕಿರುಚಿದ್ದು ಕೇಳಿತು. ಓಡಿದೆ. ನಾನು ಮೊದಲ ಮೂಲೆ ಮುಟ್ಟಿ ತಿರುಗಿ ನೋಡಿದಾಗ ಮಂಜುಳಾ ಮನೆಯ ಮೇಲೆ ಎರಡೂ ಕಾಲಿಟ್ಟು, ಇನ್ನು ಯಾರೂ ಕದಲಿಸಲಾರರೆಂಬಂತೆ ನಿಂತಿದ್ದಳು. ಒಂದು ರನ್.

ನಮ್ಮ ಮುಂದಿನವಳು ಔಟಾದಳು, ಬ್ಯಾಡಗಿಯವರ ಕೊನೆಯ ಪಾಳಿ ಉಳಿದಿತ್ತು. ಇಬ್ಬರು ಔಟಾದರು, ಒಬ್ಬಳು ಎರಡನೇ ಮೂಲೆಯಲ್ಲಿ ಉಳಿದಳು. ಬ್ಯಾಟು ಹಿಡಿದು ಬಂದವಳು ಶಬಾನಾ. ಎರಡು ಚೆಂಡು ತಪ್ಪಿದಳು, ಮೂರು ತಪ್ಪಿದರೆ ಔಟ್. ಮೂರನೆಯದನ್ನು ಮೈದಾನದಾಚೆಯ ಗೋಡೆಗೇ ಹೊಡೆದಳು. ಆದರೆ ಅದು ಗೆರೆಯ ಹೊರಗೆ ಬಿತ್ತು, ಲೆಕ್ಕಕ್ಕಿಲ್ಲ. ನಾನು ಬೆರಳು ತೋರಿಸಿ ಜೋರು ಚೆಂಡು ಕೇಳಿದೆ. ರೇಣುಕಾ ತಲೆಯಲ್ಲಾಡಿಸಿದಳು. ಮತ್ತೆ ಕೇಳಿದೆ, ಮತ್ತೆ ಬೇಡವೆಂದಳು. ಅವಳ ತೋಳು ಎಂದಿನಂತೆ ಭರ್ರನೆ ಸುತ್ತಿತು, ಆದರೆ ಬಿಟ್ಟ ಚೆಂಡು ಮೆಲ್ಲಗೆ, ಎಷ್ಟು ಮೆಲ್ಲಗೆಂದರೆ ಅದರ ಹೊಲಿಗೆ ಎಣಿಸಬಹುದಿತ್ತು, ಹಾಗೆ ಬಂತು. ಶಬಾನಾ ಅದಕ್ಕೂ ಮೊದಲೇ ಬ್ಯಾಟು ಬೀಸಿ ಮುಗಿಸಿದ್ದಳು. ಚೆಂಡು ಆಮೇಲೆ ಬಂದು ನನ್ನ ಗ್ಲೌಸಿನಲ್ಲಿ ಕುಳಿತಿತು.

ಕುಣಿದೆವು, ಕೂಗಿದೆವು. ಮೇಡಂ ಅತ್ತರು. ಶಬಾನಾ ಬ್ಯಾಟನ್ನು ಕೆಳಗಿಟ್ಟು ರೇಣುಕಾಳ ಬಳಿ ಬಂದು, “ಆ ಕಡೀ ಚೆಂಡ ನನಗೂ ಕಲಸ್ಬೇಕ ನೀ,” ಎಂದಳು. ರೇಣುಕಾ ಅಲ್ಲೇ ಅವಳ ಕೈ ಹಿಡಿದು ಬೆರಳು ಎಲ್ಲಿಡಬೇಕೆಂದು ತೋರಿಸಿದಳು. ಅವರಿಬ್ಬರ ಸ್ನೇಹ ಇಂದಿಗೂ ಇದೆ. ಮುಂದೆ ಧಾರವಾಡದಲ್ಲಿ ನಾವು ಹೀನಾಯವಾಗಿ ಸೋತೆವು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಹಾವೇರಿಯ ಆಟ ನೋಡಿದ್ದ ಆಯ್ಕೆಗಾರರು ಈ ಇಬ್ಬರನ್ನೂ ರಾಜ್ಯ ತಂಡದ ಶಿಬಿರಕ್ಕೆ ಆರಿಸಿದರು. ಶಬಾನಾ ಈಗ ಬ್ಯಾಡಗಿಯಲ್ಲೇ ಶಾಲಾ ಶಿಕ್ಷಕಿ. ರೇಣುಕಾ ಪದವಿ ಮುಗಿಸಿ, ಆಟದ ಆಧಾರದ ಮೇಲೆ ಪೊಲೀಸ್ ಇಲಾಖೆ ಸೇರಿ, ಗುತ್ತಲದ ಕಡೆಯವರನ್ನೇ ಮದುವೆಯಾಗಿದ್ದಾಳೆ. ನಾನು ಆಟ ಬಿಟ್ಟು ಹೊಲಿಗೆಯ ಅಂಗಡಿ ಹಾಕಿದೆ, ನನಗೆ ಅದೂ ಇಷ್ಟವೇ.

ಪದವಿಯ ಮಾತು ಬಂತಲ್ಲ, ಅದು ತೀರ್ಮಾನವಾದದ್ದು ಅಂದೇ ಸಂಜೆ. ಟೆಂಪೋದವನಿಗೆ ನೇರವಾಗಿ ಐರಣಿಗೇ ಹೋಗಲು ಹೇಳಿದೆವು. ಇನ್ನೂ ಸ್ವಲ್ಪ ಬೆಳಕಿತ್ತು. ಗಂಗವ್ವ, ನೀಲವ್ವ ಮತ್ತು ಅವರ ಸೊಸೆ ನಾಳೆಯ ಮೊಗ್ಗು ಸುಲಿಯುತ್ತಿದ್ದರು. ನಾವು ಒಬ್ಬೊಬ್ಬರು ಒಂದೊಂದು ಸಾಲು ಹಿಡಿದೆವು. ರೇಣುಕಾಳ ಅಪ್ಪನೂ ಪಾಳಿ ಮುಗಿಸಿ ಬಂದವರು ಬದುವಿನ ಮೇಲೆ ನಿಂತಿದ್ದರು.

“ಏನಾತು?” ಎಂದರು ಗಂಗವ್ವ, ಗಿಡದಿಂದ ಕಣ್ಣೆತ್ತದೆ.

“ಗೆದ್ವಿ ಅವ್ವಾ.”

“ಎಷ್ಟಕ್ಕ?”

“ಒಂದ ರನ್. ಅವರದು ಸೊನ್ನಿ.”

“ಒಂದ?” ಗಂಗವ್ವನ ಕೈ ನಿಂತಿತು. “ಮಧ್ಯಾಹ್ನಪೂರ್ತಿ ಓಡ್ಯಾಡಿ ಒಂದನ?”

ನಮಗೆಲ್ಲ ನಗು. ರೇಣುಕಾ ಮೊಗ್ಗು ಸುಲಿಯುತ್ತಲೇ ವಿವರಿಸಿದಳು. ನಾಲ್ಕು ಮೂಲೆ, ಮನೆ, ಹೊಡೆಯುವವರನ್ನು ಮನೆಗೆ ಬರಗೊಡದಂತೆ ಎಸೆಯುವವಳು ತಡೆಯಬೇಕಾದದ್ದು. ಗಂಗವ್ವ ಕೇಳುತ್ತ ಕೇಳುತ್ತ ಸಾಲಿನ ಕೊನೆಗೆ ಬಂದರು.

“ಅಂದ್ರ ಅವರ ಪೈಕಿ ಒಬ್ಬಾಕಿನೂ ಮನಿ ಮುಟ್ಟಲಿಲ್ಲ?”

“ಒಬ್ಬಾಕಿನೂ ಇಲ್ಲ.”

“ನೀ ಬಿಡಲಿಲ್ಲ?”

“ಬಿಡಲಿಲ್ಲ.”

ಗಂಗವ್ವ ಕೈಯಲ್ಲಿದ್ದ ಮೊಗ್ಗಿಗೆ ಕೆಂಪು ಚೂರು ಸುತ್ತಿದರು. ನಂತರ ಬದುವಿನ ಮೇಲಿದ್ದ ಗಂಡನ ಕಡೆ ತಿರುಗಿ, ನಾಳೆಯ ಗೊಬ್ಬರದ ಮಾತಾಡುವಷ್ಟೇ ಸಹಜವಾಗಿ ಹೇಳಿದರು:

“ಬರೂ ವರ್ಷ ಇನ್ನೊಂದ ಎಕರೆ ಹಿಡಿಯೂದು ಬ್ಯಾಡ ಬಿಡ್ರಿ. ಇದ್ದದ್ದರಾಗೂ ಅರ್ಧಾ ಕಡಿಮಿ ಮಾಡೂಣು. ಈಕಿಗೆ ಕಾಲೇಜು, ಆಟ ಎರಡೂ ಇರ್ತಾವು.”